ಸ್ಟೇಜಿನ ಮೇಲೆ ಇಂಗ್ಲಿಷು, ನೆಲದ ಮೇಲೆ ಕನ್ನಡ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತೆ. ಇದನ್ನ ಮೊದಲೇ ಹೇಳಿಬಿಡೋದು ಒಳ್ಳೇದು, ಯಾಕೆಂದರೆ ಮುಂದೆ ನಡೆದದ್ದೆಲ್ಲ ಶುರುವಾಗಿದ್ದೇ ಅಲ್ಲಿಂದ. ನಾನು ಇಂಗ್ಲಿಷ್ ಟೀಚರು. ದಿನಾ ಬೆಳಗ್ಗೆ ನಾಗಮಂಗಲದಲ್ಲಿ ಬಿಂಡಿಗನವಿಲೆ ಕಡೆಯ ಬಸ್ಸು ಹತ್ತಿ, ದಾರಿಯಲ್ಲಿ ಕುರಿ ಹಿಂಡು ರಸ್ತೆ ದಾಟೋವರೆಗೂ ಕಂಡಕ್ಟರ್ ಬೈಗುಳ ಕೇಳಿಕೊಂಡು, ಒಂದು ಸರ್ಕಾರಿ ಹೈಸ್ಕೂಲಿನ ಮುಂದೆ ಇಳಿಯೋದು ನನ್ನ ಕೆಲಸ. ಇಂಗ್ಲಿಷಿನಲ್ಲಿ ಪಾಠ ಮಾಡೋಕೆ ನನಗೆ ಯಾವ ತೊಂದರೆಯೂ ಇಲ್ಲ. ಬೈಯೋಕೆ ಮಾತ್ರ ಆಗಲ್ಲ. "ವೈ ಡಿಡ್ ಯು ನಾಟ್ ಡೂ ಯುವರ್ ಹೋಂವರ್ಕ್?" ಅಂತ ಕಣ್ಣು ಕೆಂಪಗೆ ಮಾಡಿ ಕೇಳಿದರೆ, ಪಾಠ ಮುಂದುವರಿಸಿದ್ದೀನಿ ಅಂದುಕೊಂಡು ಇಡೀ ಕ್ಲಾಸು ಒಟ್ಟಿಗೆ ಅದನ್ನೇ ತಿರುಗಿ ಹೇಳುತ್ತೆ. "ಯಾಕ್ಲಾ ಬರ್ಕಂಡ್ ಬಂದಿಲ್ಲ, ಮನೇಲಿ ಏನ್ ಕಡಿದು ಕಟ್ಟೆ ಹಾಕ್ತಿದ್ದೆ?" ಅಂದರೆ ಮಾತ್ರ ಬೆಂಚು ಅಲ್ಲಾಡುತ್ತೆ.

ಇದು ನನ್ನೊಬ್ಬಳ ಕಾಯಿಲೆ ಅಂತ ನಾನು ಒಪ್ಪಲ್ಲ. ನಾನು ಹುಟ್ಟಿದ್ದು ಬೆಳಗೊಳದಲ್ಲಿ, ಹೈಸ್ಕೂಲು ಓದಿದ್ದು ಶ್ರೀರಂಗಪಟ್ಟಣದಲ್ಲಿ. ಅಲ್ಲಿ ನಮಗೆ ಇಂಗ್ಲಿಷ್ ಹೇಳಿಕೊಟ್ಟ ಮೇಷ್ಟ್ರು ಪದ್ಯವನ್ನ ಪೂರ್ತಿ ಕನ್ನಡದಲ್ಲೇ ಹೇಳಿ, ನಮ್ಮನ್ನೆಲ್ಲ ಅಳಿಸಿ, ಆಮೇಲೆ ಕರ್ಚೀಫಿನಿಂದ ತಮ್ಮ ಕಣ್ಣನ್ನೂ ಒರೆಸಿಕೊಂಡು "ನೌ ಟೇಕ್ ಡೌನ್" ಅಂತ ನೋಟ್ಸು ಬರೆಸೋರು. ಅತ್ತಿದ್ದು ಕನ್ನಡದಲ್ಲಿ, ಪಾಸಾಗಿದ್ದು ಇಂಗ್ಲಿಷಿನಲ್ಲಿ. ನಮಗೇನೂ ಕಮ್ಮಿ ಆಗಲಿಲ್ಲ.

ಆದರೆ ಈಗ ಕಾಲ ಹಾಗಿಲ್ಲ. ಒಂದು ಸಲ ನಮ್ಮನ್ನೆಲ್ಲ ಕೆ.ಆರ್. ಪೇಟೆಗೆ ಟ್ರೈನಿಂಗಿಗೆ ಕರೆಸಿದರು. ಪಾಠ ಹೇಳೋಕೆ ಬಂದವರು ಬೆಳಗಿನ ಉಪ್ಪಿಟ್ಟಿನಿಂದ ಹಿಡಿದು ಮಧ್ಯಾಹ್ನದ ಊಟದವರೆಗೂ ಒಂದೇ ವಿಷಯ ಹೇಳಿದರು: ಇಂಗ್ಲಿಷ್ ಕ್ಲಾಸಿನಲ್ಲಿ ಕನ್ನಡ ತಪ್ಪಿಯೂ ಬಳಸಬಾರದು. ಅದನ್ನ ಅಚ್ಚ ಕನ್ನಡದಲ್ಲಿ, ಉದಾಹರಣೆ ಸಮೇತ, ಮಧ್ಯೆ ಮಧ್ಯೆ ಹಾಸ್ಯ ಮಾಡಿಕೊಂಡು, ಎಷ್ಟು ಚೆನ್ನಾಗಿ ಹೇಳಿದರು ಅಂತೀರಾ! ನಮಗೆಲ್ಲ ಮನಸ್ಸಿಗೆ ನಾಟಿಬಿಟ್ಟಿತು. ನಾನು ಎದ್ದು ನಿಂತು, "ಸಾರ್, ಇದನ್ನೇ ನೀವು ಇಂಗ್ಲಿಷಿನಲ್ಲಿ ಹೇಳಿದ್ದಿದ್ದರೆ ನಮಗೆ ಇಷ್ಟು ಅರ್ಥ ಆಗ್ತಿತ್ತಾ?" ಅಂತ ಕೇಳಿದೆ. ಸಭೆಯೆಲ್ಲ ನಕ್ಕಿತು. ಅವರೂ ನಕ್ಕರು, ಟೀ ಬ್ರೇಕ್ ಅಂತ ಹೇಳಿ ಹೊರಗೆ ಹೋದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು ಯೋಚನೆ ಮಾಡಿದೆ. ನಕ್ಕು ಮುಗಿಸಿಬಿಟ್ಟರೆ ಹೇಗೆ? ಅವರ ಮಾತಲ್ಲೂ ನಿಜ ಇದೆ. ನಾನು ಕನ್ನಡಕ್ಕೆ ಒಂದು ಸಲ ಜಾರಿದರೆ ಆ ಪೀರಿಯಡ್ಡು ಮತ್ತೆ ಇಂಗ್ಲಿಷಿಗೆ ಹತ್ತೋದೇ ಇಲ್ಲ. ಆಗ ಹೊಳೆದಿದ್ದು ನಮ್ಮ ಸ್ಟೇಜು.

ಸ್ಟೇಜು ಅಂದರೆ ದೊಡ್ಡದೇನಲ್ಲ. ನಮ್ಮ ಕ್ಲಾಸಿನಲ್ಲಿ ಬೋರ್ಡಿನ ಮುಂದೆ ಮೊಳಕಾಲಿಗಿಂತ ಗಿಡ್ಡಕ್ಕೆ ಒಂದು ಮರದ ಹಲಗೆಯ ಕಟ್ಟೆ ಇದೆ. ಯಾವುದೋ ಕಾಲದಲ್ಲಿ ಗಿಡ್ಡ ಮೇಷ್ಟ್ರೊಬ್ಬರಿಗೆ ಬೋರ್ಡು ಎಟುಕಲಿ ಅಂತ ಮಾಡಿಸಿದ್ದಂತೆ. ಮಾರನೇ ದಿನ ಹೋಗಿ ಮಕ್ಕಳಿಗೆ ಕಾನೂನು ಹೇಳಿದೆ. ಸ್ಟೇಜಿನ ಮೇಲೆ ನಿಂತವರು ಇಂಗ್ಲಿಷನ್ನೇ ಮಾತಾಡಬೇಕು, ತಪ್ಪಾದರೂ ಪರವಾಗಿಲ್ಲ, ಯಾರೂ ನಗೋ ಹಾಗಿಲ್ಲ. ನೆಲದ ಮೇಲೆ ಇರೋರು ಕನ್ನಡ ಮಾತಾಡಬಹುದು. ಈ ಕಾನೂನು ನನಗೂ ಸೇರಿ.

ಸೇರಿ ಅಂದಿದ್ದೇ ತಪ್ಪಾಯಿತು ನೋಡಿ. ಮಕ್ಕಳು ನನ್ನ ಬಾಯನ್ನೇ ಕಾಯೋಕೆ ಕೂತವು. ಸ್ಟೇಜಿನ ಮೇಲೆ ಅಪ್ಪಿತಪ್ಪಿ "ಅಯ್ಯೋ" ಅಂದರೂ ಸಾಕು, "ಮಿಸ್ ಕನ್ನಡ ಮಾತಾಡ್ಬುಟ್ರು! ಕೆಳಗಿಳೀರಿ ಮಿಸ್!" ಅಂತ ಕೂಗು. ಬೈಬೇಕಾದರೆ ನಾನು ಕೆಳಗೆ ಇಳೀಬೇಕು. ನನ್ನ ಒಂದು ಕಾಲು ನೆಲಕ್ಕೆ ಬಂತು ಅಂದರೆ ಹಿಂದಿನ ಬೆಂಚಿನವರೆಲ್ಲ ಬೆನ್ನು ನೆಟ್ಟಗೆ ಮಾಡಿಕೊಳ್ಳೋರು. ನಾನು ಇಳಿಯೋಕೆ ಹೊರಟರೆ ಮುಂದಿನ ಸಾಲಿನ ಕಳ್ಳರು "ಮಿಸ್, ಒನ್ ಡೌಟ್ ಮಿಸ್!" ಅಂತ ಕೈ ಎತ್ತಿ ನನ್ನನ್ನ ಮೇಲೇ ನಿಲ್ಲಿಸೋರು. ಸ್ನೇಹಿತರನ್ನ ಉಳಿಸೋಕೆ ಆ ಮಕ್ಕಳು ಕೇಳಿದಷ್ಟು ಇಂಗ್ಲಿಷ್ ಪ್ರಶ್ನೆಗಳನ್ನ ನಾನು ಬೇರೆ ಯಾವ ಸ್ಕೂಲಲ್ಲೂ ಕೇಳಿಲ್ಲ. ಪಾಂಡವಪುರದಲ್ಲಿ ನಮ್ಮತ್ತೆ ಇದನ್ನೆಲ್ಲ ಕೇಳಿ, "ನಮ್ಮನೇಲೂ ನಿಂಗೊಂದು ಅಂತದ್ದೇ ಮಾಡ್ಸಾಕ್ಬೇಕು ಕಣವ್ವ, ಬೈಗುಳ ತಪ್ತದೆ" ಅಂದರು.

ಈ ಕ್ಲಾಸಿನಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳಿದ್ದಾಳೆ. ಈ ಊರಿನ ಬಡಗಿಯ ಮಗಳು. ಅವಳಪ್ಪನನ್ನ ಊರಲ್ಲಿ ಎಲ್ಲರೂ ಆಚಾರ್ರು ಅಂತಲೇ ಕರೆಯೋದು. ಹುಡುಗಿ ವಟವಟ ಅಂತ ಮಾತಾಡುತ್ತೆ. ಸ್ಟೇಜಿನ ಮೇಲೆ ಮುರುಕು ಇಂಗ್ಲಿಷು, ಕೆಳಗೆ ಸರಾಗ ಕನ್ನಡ, ಬಾಯಿ ಮುಚ್ಚಿದ್ದು ಅಂತ ನಾನು ಕಂಡಿದ್ದೇ ಇಲ್ಲ. ಆದರೆ ಅವಳು ಮೊದಲಿಂದ ಹಾಗಿರಲಿಲ್ಲವಂತೆ. ಚಿಕ್ಕವಳಿದ್ದಾಗ ಪೇಟೆಯ ಒಂದು ಕಾನ್ವೆಂಟಿಗೆ ಕಳಿಸಿದ್ದರು. ಅಲ್ಲಿ ಬಾಗಿಲು ದಾಟಿದ ಮೇಲೆ ಕನ್ನಡ ಕೂಡದು. ಇಂಗ್ಲಿಷು ಬರದು. ಹೀಗಾಗಿ ಹುಡುಗಿ ಮಾತಾಡೋದನ್ನೇ ಬಿಟ್ಟಿತು. ಸ್ಕೂಲಲ್ಲಿ ಬಿಟ್ಟಿದ್ದು ಮನೇಲೂ ಬಿಟ್ಟಿತು. ಅವಳಜ್ಜಿ ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿದರಂತೆ. ಆಮೇಲೆ ಕಾನ್ವೆಂಟಿನ ವ್ಯಾನು ಈ ಕಡೆ ಬರೋದು ನಿಂತುಹೋಯಿತು, ಹುಡುಗಿ ಊರಿನ ಸ್ಕೂಲಿಗೇ ಸೇರಿತು, ಮಾತು ವಾಪಸ್ ಬಂತು. ಇದನ್ನೆಲ್ಲ ಅವಳೇ ನನಗೆ ಹೇಳಿದ್ದು, ತಾಯತವನ್ನೂ ತೋರಿಸಿ, ನಕ್ಕೊಂಡು.

ಈ ಸಲ ಜೂನಿನಲ್ಲಿ ಸ್ಕೂಲು ಶುರುವಾದ ಮೇಲೆ ಒಂದು ದಿನ ನನಗೆ ವಿಪರೀತ ಸಿಟ್ಟು ಬಂತು. ಕಾರಣ ಈಗ ನೆನಪಿಲ್ಲ, ಯಾರೋ ಕಿಟಕಿಯಿಂದ ಆಚೆ ಹೋಗ್ತಿದ್ದ ಕುರಿಮರಿಯನ್ನ ಒಳಗೆ ಎಳೆದುಕೊಂಡಿದ್ದರು ಅಂತ ಕಾಣುತ್ತೆ. ನಾನು ಸ್ಟೇಜಿನ ಮೇಲಿದ್ದೆ. ಬಾಯಿ ತೆರೆದರೆ ಬರೋದೆಲ್ಲ ಕನ್ನಡ. ಮುಂದಿನ ಸಾಲಿನವರು ಆಗಲೇ ಕೈ ಎತ್ತಿದ್ದರು. ಬಾಯಿಂದ ಬರೋ ಹಾಗಿಲ್ಲದ್ದು ಕಾಲಿಂದ ಬಂತು. ಕಾಲನ್ನ ಎತ್ತಿ ಧಡ್ ಅಂತ ಹಲಗೆಗೆ ಅಪ್ಪಳಿಸಿದೆ. ಲಟಕ್ ಅಂತ ಹಲಗೆ ಮುರಿದು ನನ್ನ ಕಾಲು ಒಳಗೆ ಹೋಯಿತು. ಆಮೇಲೆ ನಮ್ಮ ಆಚಾರ್ರ ಮಗಳೇ ಓಡಿಬಂದು ನನ್ನ ಕಾಲು ಬಿಡಿಸುತ್ತಾ, "ಮಿಸ್, ಗೆದ್ಲು ತಿಂದದೆ ಮಿಸ್, ನಿಮ್ ತಪ್ಪಲ್ಲ, ನಮ್ಮಪ್ಪಂಗೆ ಯೋಳ್ತೀನಿ" ಅಂದಳು.

ಹೆಡ್‌ಮಾಸ್ತರು ಆಚಾರ್ರನ್ನ ಕರೆಸಿದರು. ಮೆತ್ತಗಿನ ಮನುಷ್ಯ, ಕಿವಿಯ ಹಿಂದೆ ಪೆನ್ಸಿಲ್ಲು, ಮಾತು ಕಮ್ಮಿ. ಬಂದವರು ಟೇಪು ಹಿಡಿದು ಅಳೆದರು, ಇಬ್ಬರು ಹುಡುಗರನ್ನ ಜೊತೆಗೆ ಕರೆದುಕೊಂಡು ಸ್ಟೇಜನ್ನ ಎತ್ತಿ ಹೊರಗೆ ಕಿಟಕಿ ಪಕ್ಕದ ಹೊಂಗೆ ಮರದಡಿ ಇಟ್ಟು ಬಿಚ್ಚೋಕೆ ಕೂತರು. ಆಗ ನನ್ನ ಪೀರಿಯಡ್ಡು. ನಾನು ಒಳಗೆ ಬಂದು ನೋಡ್ತೀನಿ, ಬೋರ್ಡಿನ ಮುಂದೆ ಬರೀ ನೆಲ.

"ಮಿಸ್! ಸ್ಟೇಜಿಲ್ಲ! ಇವತ್ತು ಪೂರ್ತಿ ಕನ್ನಡ!" ಅಂತ ಕ್ಲಾಸು ಹೋ ಅಂದಿತು.

"ಯಾರ್ಲಾ ಹೇಳಿದ್ದು ಪೂರ್ತಿ ಕನ್ನಡ ಅಂತ?"

"ನೀವೇ ಮಿಸ್. ನೆಲದ ಮ್ಯಾಲೆ ಕನ್ನಡ ಅಂತ. ಕಾನೂನು ಅಂದ್ರೆ ಕಾನೂನು ಅಂತಾನೂ ನೀವೇ ಅಂದಿದ್ದು."

ಅಂದಿದ್ದು ನಿಜ. ಸೆಖೆ ಬೇರೆ. ಹಾಳಾಗಿ ಹೋಗಲಿ, ಒಂದು ದಿನ ತಾನೇ ಅಂತ ಒಪ್ಪಿಕೊಂಡೆ. ಅವತ್ತು ನದಿಯ ಮೇಲಿನ ಒಂದು ಪದ್ಯ ಇತ್ತು. ನಮ್ಮೂರಿನ ಕನ್ನಂಬಾಡಿ ಕಟ್ಟೆ ತುಂಬಿದಾಗ ನಾವು ಮಕ್ಕಳೆಲ್ಲ ನೀರಿನ ಸದ್ದು ಕೇಳೋಕೆ ಓಡ್ತಿದ್ದದ್ದು, ಮಳೆ ನಂಬಿಕೊಂಡೇ ರಾಗಿ ಬೆಳೆಯೋ ಈ ಕಡೆಯವರಿಗೆ ಆ ಸದ್ದು ಹೇಗಿರುತ್ತೆ ಅಂತ ಗೊತ್ತಿಲ್ಲದ್ದು, ಎಲ್ಲ ಹೇಳಿದೆ. ಅವರು ಕೇಳಿದರು, ನಾನು ಹೇಳಿದೆ, ನಕ್ಕೆವು. ಚೆನ್ನಾಗಿತ್ತು ಆ ಕ್ಲಾಸು. ಹೊರಗೆ ಸುತ್ತಿಗೆ ಸದ್ದು ಯಾವಾಗ ನಿಂತಿತೋ ನಾನು ಗಮನಿಸಲೇ ಇಲ್ಲ. ಬೆಲ್ಲು ಹೊಡೆದ ಮೇಲೆ ಕಿಟಕಿಯಲ್ಲಿ ನೋಡಿದರೆ ಆಚಾರ್ರು ಸುಮ್ಮನೆ ಕೂತು ಒಳಗೇ ನೋಡ್ತಿದ್ದರು. "ಗೆದ್ಲು ಜಾಸ್ತಿ ಐತೆ ಮೇಡಮ್ನೋರೆ, ಮನೆಗೆ ತಕಂಡೋಗಿ ಒಸ ಅಲಗೆ ಆಕಿ ತತ್ತೀನಿ" ಅಂತ ಹೇಳಿ ಸ್ಟೇಜನ್ನ ಆಟೋಗೆ ಹಾಕಿಸಿಕೊಂಡು ಹೊರಟರು. ನಾನು ಆಯಿತು ಅಂದೆ.

ಮಾರನೇ ದಿನ ಹುಡುಗಿ ಸ್ಕೂಲಿಗೆ ಬಂದಳು, ಮಾತು ಬರಲಿಲ್ಲ. ಹಾಜರಿ ಕೂಗಿದರೆ ಕೈ ಮಾತ್ರ ಎತ್ತಿದಳು. ಹತ್ತಿರ ಕರೆದು ಏನಾಯ್ತೇ ಅಂತ ಕೇಳಿದರೆ ನೆಲ ನೋಡುತ್ತಾ ನಿಂತಳು. ಪಕ್ಕದವಳೇ ಹೇಳಬೇಕಾಯಿತು: "ಮಿಸ್, ಅವಳ ಟಿ.ಸಿ. ಈಸ್ಕತಾರಂತೆ. ಕಾನ್ವೆಂಟಿನ ವ್ಯಾನು ಈ ಸಲ ಮತ್ತೆ ನಮ್ಮೂರಿಗೆ ಬತ್ತದಂತೆ. ಇಲ್ಲಿ ಇಂಗ್ಲೀಸನ್ನೂ ಕನ್ನಡದಾಗೇ ಯೋಳ್ಕೊಡ್ತಾರೆ ಅಂತ ಅವ್ರಪ್ಪ ಅಂದ್ರಂತೆ."

ಎಂದಿನಂತೆ ನನಗೆ ಮೈಯೆಲ್ಲ ಉರಿಯಿತು. ಸ್ಟೇಜು ಎತ್ತಿಕೊಂಡು ಹೋದವರು ಅವರೇ! ಸ್ಟೇಜು ಇಲ್ಲದ್ದಕ್ಕೇ ತಾನೇ ಕನ್ನಡ ಬಂದದ್ದು? ಅವರು ಬರದೇ ಇದ್ದಿದ್ದರೆ ಅವತ್ತು ಇಂಗ್ಲಿಷೇ ಇರುತ್ತಿತ್ತು. ಈ ಮನುಷ್ಯ ಬಾಗಿಲು ಕಿತ್ತುಕೊಂಡು ಹೋಗಿ ಮನೆಗೆ ಬಾಗಿಲೇ ಇಲ್ಲ ಅಂತಾನಲ್ಲ! ಆದರೆ ಹಲಗೆ ಮುರಿದ ಕಾಲು ಯಾರದು ಅನ್ನೋದು ನೆನಪಾಗಿ ಸ್ವಲ್ಪ ತಣ್ಣಗಾದೆ.

"ನೀನು ಹೇಳಬಾರದಾಗಿತ್ತೇನೇ ನಿಮ್ಮಪ್ಪನಿಗೆ, ಸ್ಟೇಜಿನ ವಿಷಯಾನ?" ಅಂದೆ.

"ನಮ್ಮನೇಲಿ ಅಪ್ಪ ಒಂದ್ಸಲ ಅಂದ್ರು ಅಂದ್ರೆ ಮುಗೀತು ಮಿಸ್" ಅಂತ ಪಿಸುಗುಟ್ಟಿದಳು. ಅವತ್ತೆಲ್ಲ ಅವಳು ಆಡಿದ್ದು ಅದೊಂದೇ ಮಾತು.

ಸಂಜೆ ಬಸ್ಸು ಬಿಟ್ಟು ಅವರ ಮನೆಗೆ ಹೋದೆ. ಮನೆ ಮುಂದಿನ ಚಪ್ಪರದಡಿ ಆಚಾರ್ರು ಬಾಗಿಲಿನ ಚೌಕಟ್ಟು ಉಜ್ಜುತ್ತಿದ್ದರು. ನಮ್ಮ ಸ್ಟೇಜು ಬಿಚ್ಚಿ ಗೋಡೆಗೆ ಒರಗಿಸಿತ್ತು. ನನ್ನನ್ನ ಕಂಡ ತಕ್ಷಣ ಎದ್ದು ಕುರ್ಚಿ ಒರೆಸಿ ಹಾಕಿದರು. ಹೆಂಡತಿ ಮಜ್ಜಿಗೆ ತಂದುಕೊಟ್ಟು ಬಾಗಿಲ ಹತ್ತಿರ ನಿಂತರು. ಗೌರವಕ್ಕೆ ಏನೂ ಕಮ್ಮಿ ಇಲ್ಲ.

"ಮೇಡಮ್ನೋರೆ, ತಪ್ಪು ತಿಳ್ಕಬ್ಯಾಡಿ" ಅಂದರು. "ನೀವು ಬಲ್ ಚೆಂದಾಗಿ ಯೋಳ್ತೀರಿ. ಆ ನೀರಿನ್ ಕತೆ ಕೇಳ್ತಾ ನಾನೇ ಕೆಲ್ಸ ಮರ್ತು ಕುಂತ್ಬುಟ್ಟೆ. ಆದ್ರೆ ಕನ್ನಡ ನಮ್ಮನೇಲೇ ಬೇಕಾದಷ್ಟು ಐತೆ. ಮಗೀನ ಇಸ್ಕೂಲಿಗೆ ಕಳ್ಸೋದು ಮನೇಲಿ ಇಲ್ದಿದ್ದು ಸಿಕ್ಲಿ ಅಂತ ಅಲ್ವರಾ?"

ಇದಕ್ಕೆ ಏನು ಹೇಳ್ತೀರಿ? ನ್ಯಾಯವಾದ ಮಾತು. ನಾನು ಸ್ಟೇಜಿನ ಕಾನೂನು ವಿವರಿಸಿದೆ. ಮೇಲೆ ನಿಂತರೆ ಇಂಗ್ಲಿಷು, ಕೆಳಗೆ ಇಳಿದರೆ ಕನ್ನಡ, ಅವತ್ತು ಸ್ಟೇಜು ಹೊರಗಿತ್ತು, ಅದಕ್ಕೇ ಹಾಗಾಯಿತು ಅಂತ. ಅವರು ನನ್ನ ಮುಖ ನೋಡಿದರು, ಗೋಡೆಗೆ ಒರಗಿದ್ದ ಹಲಗೆ ನೋಡಿದರು, ಮತ್ತೆ ನನ್ನ ಮುಖ ನೋಡಿದರು.

"ಅಂಗಂದ್ರೆ, ಅಲಗೆ ಇದ್ರೆ ಇಂಗ್ಲೀಸು, ಅಲಗೆ ಇಲ್ದಿದ್ರೆ ಕನ್ನಡ?"

"ಹೌದು."

"ಅಲಗೆ ಮುರ್ದಿದ್ ಯಾರು?"

ಮಜ್ಜಿಗೆ ಗಂಟಲಲ್ಲಿ ಸಿಕ್ಕಿಕೊಂಡಿತು. ನಾನು ಕೆಮ್ಮಿದೆ. ಬಾಗಿಲ ಹತ್ತಿರ ನಿಂತಿದ್ದ ಹೆಂಡತಿ ಏನೋ ಹೇಳೋಕೆ ಬಾಯಿ ತೆರೆದರು, ಗಂಡನ ಕಡೆ ನೋಡಿದರು, ಲೋಟ ಎತ್ತಿಕೊಂಡು ಒಳಗೆ ಹೋದರು. ಹುಡುಗಿ ಕಿಟಕಿಯ ಸರಳು ಹಿಡಿದುಕೊಂಡು ನಿಂತಿದ್ದಳು. ಆಚಾರ್ರು ಬೈಯಲಿಲ್ಲ, ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏರಿಸಬಹುದಿತ್ತು. ನನಗೆ ಬರೋ ಜಗಳವೆಲ್ಲ ಜಗಳಕ್ಕೆ ಬರೋರ ಜೊತೆ ಮಾತ್ರ. ಬರಿಗೈಯಲ್ಲಿ ಬಸ್ ಸ್ಟಾಪಿಗೆ ಬಂದೆ.

ಆಮೇಲಿನ ದಿನಗಳು ಯಾರಿಗೂ ಬೇಡ. ಸ್ಟೇಜು ಇಲ್ಲದೇ ಇಂಗ್ಲಿಷ್ ಮಾತಾಡೋಕೆ ಹೋದರೆ ಮಕ್ಕಳು ಒಪ್ಪಲಿಲ್ಲ. ಚಾಕ್‌ಪೀಸಿನಲ್ಲಿ ನೆಲದ ಮೇಲೆ ಚೌಕ ಬರೆದು, ಇದೇ ಸ್ಟೇಜು ಅಂದೆ. ಬಗ್ಗಿ ನೋಡಿ, "ಇದು ಎತ್ರಕ್ಕೇ ಇಲ್ವಲ್ಲ ಮಿಸ್" ಅಂದವು. ಆ ಹುಡುಗಿ ಮಾತ್ರ ಯಾವುದಕ್ಕೂ ನಗಲಿಲ್ಲ. ದಿನ ದಿನಕ್ಕೂ ಅವಳ ದನಿ ಒಳಗೆ ಒಳಗೆ ಹೋಗ್ತಿರೋದು ನನಗೆ ಕಾಣ್ತಿತ್ತು. ಊಟದ ಹೊತ್ತಲ್ಲಿ ಸ್ನೇಹಿತೆಯರ ಮಧ್ಯೆ ಕೂತು ಮುದ್ದೆ ಮುರೀತಿದ್ದಳು, ಅಷ್ಟೇ. ಇನ್ನೂ ವ್ಯಾನು ಹತ್ತೇ ಇಲ್ಲ, ಆಗಲೇ ಹೀಗಾದರೆ ಹತ್ತಿದ ಮೇಲೆ ಈ ಮಗು ಏನಾಗುತ್ತೆ?

ಶನಿವಾರ ಬೆಳಗ್ಗೆ ಆಚಾರ್ರು ಸ್ಟೇಜು ತಂದರು. ಚೆನ್ನಾಗಿ ಮಾಡಿದ್ದರು, ಹೊಸ ಹಲಗೆ, ಅಂಚು ಉಜ್ಜಿ ನುಣ್ಣಗೆ. ಬೋರ್ಡಿನ ಮುಂದೆ ಇಟ್ಟು, ನೆಲದ ತಗ್ಗಿಗೆ ಒಂದು ಚಕ್ಕೆ ಕೊಟ್ಟು, ಅಲ್ಲಾಡಲ್ಲ ಅಂತ ಖಾತ್ರಿ ಮಾಡಿಕೊಂಡು ಹೆಡ್‌ಮಾಸ್ತರ ಕಡೆ ತಿರುಗಿದರು. "ಅಂಗೇ ಮಗೀನ್ ಟಿ.ಸಿ.ನೂ ಕೊಟ್ಬುಡಿ ಸಾ. ಸೋಮವಾರದಿಂದ ವ್ಯಾನು ಬತ್ತದೆ." ಹೆಡ್‌ಮಾಸ್ತರು ನನ್ನ ಮುಖ ನೋಡಿ, ಬರೆದು ತರ್ತೀನಿ ಅಂತ ಆಫೀಸಿಗೆ ಹೋದರು. ಆ ಮನುಷ್ಯ ಬೇಕೆಂದೇ ಎಷ್ಟು ನಿಧಾನಕ್ಕೆ ನಡೆದರು ಅಂದರೆ, ಅವರ ಚಪ್ಪಲಿ ಸದ್ದು ಆಫೀಸು ಮುಟ್ಟೋಕೆ ಬಹಳ ಹೊತ್ತು ಹಿಡೀತು.

ಸ್ಟೇಜು ಕಂಡ ಸಂತೋಷಕ್ಕೆ ಕ್ಲಾಸು ಚಪ್ಪಾಳೆ ತಟ್ಟುತ್ತಿತ್ತು. ಆಚಾರ್ರ ಮಗಳೇ ಮೊದಲು ಹತ್ತಲಿ ಅಂತ ಯಾರೋ ಕೂಗಿದರು. ಅವಳು ಎದ್ದು ಬಂದಳು. ಅಪ್ಪ ಕೆಳಗೆ ನಿಂತಿದ್ದರು, ಅವಳು ಮೇಲೆ ಹತ್ತಿದಳು. ಥ್ಯಾಂಕ್ಯೂ ಅಂತ ಹೇಳಿ ಇಳೀತಾಳೆ ಅಂದುಕೊಂಡೆ. ಅವಳು ನೇರವಾಗಿ ಅಪ್ಪನ ಕಣ್ಣು ನೋಡಿ ಅಂದಳು:

"ಅಪ್ಪ, ಐ ಡೋಂಟ್ ವಾಂಟ್ ಟಿ.ಸಿ. ದಟ್ ಸ್ಕೂಲ್, ಐ ಆಮ್ ಸೈಲೆಂಟ್. ದಿಸ್ ಸ್ಕೂಲ್, ಐ ಆಮ್ ಟಾಕಿಂಗ್. ಐ ವಾಂಟ್ ಟಾಕಿಂಗ್."

ಚಪ್ಪಾಳೆ ನಿಂತಿತು. ಆಚಾರ್ರು ನನ್ನ ಕಡೆ ತಿರುಗಿ, "ಏನಂದ್ಲು ಮೇಡಮ್ನೋರೆ?" ಅಂದರು.

"ನಿಮ್ಮ ಮಗಳು ತಾನೇ, ಅವಳನ್ನೇ ಕೇಳಿ" ಅಂದೆ.

ಹುಡುಗಿ ಕೆಳಗಿಳಿದಳು. ಅಪ್ಪನ ಎದುರಿಗೆ ನೆಲದ ಮೇಲೆ ನಿಂತಳು. "ಯೋಳವ್ವ" ಅಂದರು ಅಪ್ಪ, ಮೆತ್ತಗೇ ಅಂದರು. ಅವಳ ಕತ್ತು ಬಗ್ಗಿತು. ಹೆಬ್ಬೆರಳು ನೆಲ ಕೆರೆಯಿತು. ಈಗ ತಾನೇ ಅಷ್ಟು ಖಡಾಖಂಡಿತ ಹೇಳಿದ ಹುಡುಗಿಯ ಬಾಯಿಂದ ಒಂದು ಅಕ್ಷರ ಹೊರಡಲಿಲ್ಲ. ಕನ್ನಡದಲ್ಲಿ ಅಪ್ಪನಿಗೆ ಬೇಡ ಅಂತ ಅಂದು ಅವಳಿಗೆ ಅಭ್ಯಾಸವೇ ಇರಲಿಲ್ಲ. ತಿರುಗಿ ಸ್ಟೇಜು ಹತ್ತಿ, ಮೊದಲು ಹೇಳಿದ್ದನ್ನೇ ಇನ್ನೂ ಜೋರಾಗಿ ಇಂಗ್ಲಿಷಿನಲ್ಲಿ ಹೇಳಿದಳು.

"ನೀವೇ ಯೋಳಿ ಮೇಡಮ್ನೋರೆ" ಅಂದರು ಆಚಾರ್ರು.

ನಾನು ನೆಲದ ಮೇಲೇ ಇದ್ದೆ. ಕನ್ನಡದಲ್ಲಿ ಹೇಳಿದೆ. "ನನಗೆ ಟಿ.ಸಿ. ಬೇಡ ಅಂತಾಳೆ. ಆ ಸ್ಕೂಲಲ್ಲಿ ನನ್ನ ಬಾಯಿ ಕಟ್ಟಿಹೋಗುತ್ತೆ, ಇಲ್ಲಾದರೆ ಮಾತಾಡ್ತೀನಿ, ನನಗೆ ಮಾತಾಡಬೇಕು ಅಂತಾಳೆ." ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಎಲ್ಲಿ ನಿಲ್ಲುತ್ತೆ? ಅಷ್ಟು ದಿನ ಕೂಡಿಟ್ಟಿದ್ದ ಸಿಟ್ಟೆಲ್ಲ ನುಗ್ಗಿಕೊಂಡು ಬಂತು. "ಇನ್ನೂ ಏನಂದಳು ಅಂದರೆ, ನಮ್ಮ ಮಿಸ್ ಥರ ಪಾಠ ಮಾಡೋರು ಇಡೀ ನಾಗಮಂಗಲದಲ್ಲೇ ಇಲ್ಲ, ಒಂದು ದಿನ ಕಿಟಕೀಲಿ ಕೇಳಿ ತೀರ್ಮಾನ ಮಾಡೋದು ಸರಿಯಲ್ಲ, ಹೆಣ್ಣುಮಗಳ ಬಾಯಲ್ಲೂ ಒಂದು ಮಾತು ಕೇಳಬೇಕು, ನಮ್ಮಪ್ಪ ದುಡುಕಿದರು ಅಂತ..."

"ಇಲ್ಲ ಮಿಸ್!" ಅಂತ ಮುಂದಿನ ಬೆಂಚು ಕೂಗಿತು.

"ಅವ್ಳು ಅಂಗಂದಿಲ್ಲ ಮಿಸ್!"

"ದುಡುಕಿದ್ರು ಅಂತ ಅನ್ಲೇ ಇಲ್ಲ ಮಿಸ್, ಸುಳ್ಳು!"

ಸ್ಟೇಜಿನ ಮೇಲಿಂದ ಅವಳೂ, "ಮಿಸ್, ಐ ಡಿಡ್ ನಾಟ್ ಸೇ ದಟ್" ಅಂದುಬಿಟ್ಟಳು. ನನ್ನ ಪರವಾಗಿ ಒಬ್ಬರೂ ಇಲ್ಲ. ನನ್ನ ಮುಖ ಕೆಂಪಾಗಿಹೋಯಿತು. ಅನ್ನ ಹಾಕಿದ ಹಾಗೆ ಒಂದೊಂದೇ ಪದ ಹಾಕಿ ಬೆಳೆಸಿದ ಮಕ್ಕಳು, ಬಡಗಿಯ ಎದುರಿಗೆ ನನ್ನ ಮಾನ ಕಳೆದವಲ್ಲ ಅನ್ನಿಸಿತು.

ಆಚಾರ್ರು ನನ್ನ ಕಡೆ ನೋಡ್ತಿರಲಿಲ್ಲ. ಬೆಂಚುಗಳ ಕಡೆ ತಿರುಗಿದ್ದರು. ಹಿಂದಿನ ಸಾಲಿನಲ್ಲಿ, ವರ್ಷಕ್ಕೆ ಒಂದು ಸಲ ಬಾಯಿ ಬಿಡೋ ಹುಡುಗನೊಬ್ಬ ಎದ್ದು ನಿಂತು "ಸುಳ್ಳು" ಅಂತ ಕೂಗಿದ್ದ. ಕುರಿ ಕಾಯೋರ ಮನೆ ಹುಡುಗ. ಅವನನ್ನೇ ಕೇಳಿದರು.

"ಲೇ, ನಿಂಗೆ ಗೊತ್ತಾಯ್ತೇನ್ಲಾ, ಅವ್ಳು ಅಂದಿದ್ದು?"

"ಊಂ ಕಣಣ್ಣ."

"ಎಂಗ್ಲಾ ಗೊತ್ತಾಯ್ತು?"

"ಇಂಗ್ಲೀಸಲ್ಲಿ ತಾನೇ ಅಂದಿದ್ದು?" ಅಂದ ಹುಡುಗ. ಇದರಲ್ಲಿ ಕೇಳೋದೇನಿದೆ ಅನ್ನೋ ಹಾಗೆ ಕೂತ.

ಆಚಾರ್ರು ಕಿವಿ ಹಿಂದಿನ ಪೆನ್ಸಿಲ್ಲು ತೆಗೆದು, ನೋಡಿ, ಮತ್ತೆ ಅಲ್ಲೇ ಇಟ್ಟುಕೊಂಡರು. ಅಷ್ಟರಲ್ಲಿ ಹೆಡ್‌ಮಾಸ್ತರು ಟಿ.ಸಿ. ಪುಸ್ತಕ ಹಿಡಿದು ಬಾಗಿಲಿಗೆ ಬಂದು ನಿಂತರು. ಆಚಾರ್ರು ಒಂದು ಹೆಜ್ಜೆ ಮುಂದೆ ಬಂದು ಸ್ಟೇಜು ಹತ್ತಿದರು. ಮಗಳ ಪಕ್ಕ ನಿಂತು, ಹೊಸ ಹಲಗೆಯ ಮೇಲೆ ಕಾಲು ಒತ್ತಿ, ಈ ಕಡೆ ಭಾರ ಬಿಟ್ಟು, ಆ ಕಡೆ ಭಾರ ಬಿಟ್ಟು ನೋಡಿದರು. ಆಮೇಲೆ ಹೆಡ್‌ಮಾಸ್ತರ ಕಡೆ ತಿರುಗಿ, "ಸಾ, ಆ ಟಿ.ಸಿ. ವಿಸ್ಯ..." ಅಂತ ಬಾಯಿ ತೆರೆದರು.

"ಇಂಗ್ಲಿಷ್! ಇಂಗ್ಲಿಷ್!" ಅಂತ ಇಡೀ ಕ್ಲಾಸು ಬೆಂಚು ಬಡಿಯಿತು.

ಅವರು ಬೆಚ್ಚಿಬಿದ್ದು ನನ್ನ ಕಡೆ ನೋಡಿದರು.

"ಕಾನೂನು ಆಚಾರ್ರೇ" ಅಂದೆ. "ಮೇಲೆ ನಿಂತವರು ಕನ್ನಡ ಮಾತಾಡೋ ಹಾಗಿಲ್ಲ. ನನಗೂ ಇಲ್ಲ."

ಅವರು ಇಳಿದುಬಿಡಬಹುದಿತ್ತು. ಇಳಿಯಲಿಲ್ಲ. ಹೆಗಲ ಮೇಲಿನ ಟವಲ್ಲು ತೆಗೆದು ಮುಖ ಒರೆಸಿಕೊಂಡರು. ತುಟಿ ಒಂದು ಸಲ ಅಲ್ಲಾಡಿತು, ಸದ್ದು ಬರಲಿಲ್ಲ. ಬೆಂಚು ಬಡಿಯೋದು ತಾನಾಗಿಯೇ ನಿಂತಿತು. ಅಷ್ಟು ದೊಡ್ಡ ಮನುಷ್ಯ, ಊರಿಗೆಲ್ಲ ಬಾಗಿಲು ಕೂರಿಸಿದವರು, ಆ ಹಲಗೆಯ ಮೇಲೆ ಮಾತಿಗೆ ತಡಕಾಡುತ್ತಾ ನಿಂತಿದ್ದರು. ಮಗಳು ಪಕ್ಕದಲ್ಲಿ ನಿಂತು ಅವರ ಮುಖವನ್ನೇ ನೋಡ್ತಿದ್ದಳು. ನೋಡಿ ನೋಡಿ, ಮೆಲ್ಲಗೆ, "ಮಿಸ್ಟೇಕ್ ಈಸ್ ಓಕೆ, ಅಪ್ಪ" ಅಂದಳು.

ಆಚಾರ್ರು ಗಂಟಲು ಸರಿ ಮಾಡಿಕೊಂಡರು.

"ನೋ ಟಿ.ಸಿ." ಅಂದರು.

ಕ್ಲಾಸು ಹೇಗೆ ಕಿರುಚಿತು ಅಂತ ನಾನು ಹೇಳಲ್ಲ. ಪಕ್ಕದ ರೂಮಿನಿಂದ ಗಣಿತದ ಮೇಷ್ಟ್ರು ಓಡಿಬಂದರು. ಹೆಡ್‌ಮಾಸ್ತರು ಪುಸ್ತಕ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡರು. ಬಿಳಿ ಹಾಳೇಲಿ ಒಂದು ಅಕ್ಷರವನ್ನೂ ಬರೆದಿರಲಿಲ್ಲ ಮಹಾನುಭಾವರು. ನಾನು ಬೋರ್ಡಿನ ಕಡೆ ತಿರುಗಿ, ಆಗಲೇ ಒರೆಸಿದ್ದನ್ನೇ ಮತ್ತೆ ಒರೆಸಿದೆ. ಕಣ್ಣೀರು ಬಂದಿತ್ತು, ಬಂದಿತ್ತು ಅಂತ ಹೇಳೋಕೆ ನನಗೇನೂ ನಾಚಿಕೆ ಇಲ್ಲ.

ಸೋಮವಾರ ವ್ಯಾನು ಬಂತು, ಹಾರನ್ ಹೊಡೆದು ಹೋಯಿತು. ನಾನು ಬಸ್ಸಿಳಿಯೋ ಹೊತ್ತಿಗೆ ಹುಡುಗಿ ಗೇಟಿನ ಹತ್ತಿರವೇ ಕಾಯ್ತಿದ್ದಳು. ಬ್ಯಾಗು ಇಸ್ಕೊಂಡಳು, ಉಸಿರು ಬಿಡದೇ ಶುರು ಮಾಡಿದಳು. ಹೋದ ವಾರದ ಮಾತೆಲ್ಲ ಬಾಕಿ ಇತ್ತಲ್ಲ.

"ಮಿಸ್, ಗೊತ್ತಾ ಮಿಸ್, ಸ್ಟೇಜಿಗೆ ತಂದಿದ್ ಅಲಗೆ ಮಿಕ್ಕಿತ್ತಲ್ಲ, ನಮ್ಮಪ್ಪ ಅದ್ರಲ್ಲಿ ಮನೇಲೂ ಒಂದು ಸ್ಟೇಜು ಮಾಡ್ಬುಟ್ಟವ್ರೆ! ಚಿಕ್ದು ಮಿಸ್, ಒಬ್ರು ನಿಂತ್ಕಬೋದು ಅಷ್ಟೇ. ಇವತ್ ಬೆಳಗ್ಗೆ ನಡುಮನೇಲಿ ಇಟ್ಟವ್ರೆ. ನನ್ ಎದುರ್ಗೆ ಯೋಳಕಾಗ್ದಿದ್ದು ಏನಾರ ಇದ್ರೆ ಇದ್ರ ಮ್ಯಾಲೆ ನಿಂತ್ಕಂಡು ಯೋಳಿ, ಕೂತ್ಕಂಡು ಕೇಳ್ತೀನಿ ಅಂದ್ರು."

"ಭೇಷ್! ನೀನೇನು ಹೇಳಿದೆ?"

"ನಾನೆಲ್ಲಿ ಮಿಸ್, ನಂಗೆ ಜಾಗ್ವೇ ಸಿಗ್ನಿಲ್ಲ. ನಾನು ಅತ್ತೋಕ್ ಮುಂಚೆ ನಮ್ಮವ್ವ ಅತ್ತಿ ನಿಂತ್ಬುಡ್ತು."

ಮಜ್ಜಿಗೆ ಲೋಟ ಎತ್ತಿಕೊಂಡು ಒಳಗೆ ಹೋದ ಹೆಂಗಸಿನ ಮುಖ ನನ್ನ ಕಣ್ಣ ಮುಂದೆ ಬಂತು. "ನಿಮ್ಮವ್ವನಿಗೆ ಇಂಗ್ಲಿಷ್ ಬರುತ್ತೇನೇ?"

"ಎಲ್ಲಿ ಬತ್ತದೆ ಮಿಸ್! ಕನ್ನಡದಾಗೇ. ಮದ್ವೆಯಾಗಿ ಬಂದಾಗ್ಲಿಂದ ಶುರು ಮಾಡ್ತು."

"ಅಪ್ಪ?"

"ಕೂತ್ಕಂಡು ಕೇಳ್ತಾವ್ರೆ" ಅಂದಳು ಹುಡುಗಿ. "ನಾನು ಬರೋ ಗಂಟ್ಲೂ ಅವ್ವ ಇನ್ನೂ ಇಳ್ದಿರ್ನಿಲ್ಲ ಮಿಸ್."